ವಿಮಾನ ಇಳಿಸುವ ಕಾಟಪ್ಪ ಇನ್ನೂ ವಿಮಾನದಲ್ಲಿ ಹಾರಿಲ್ಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಮೊದಲ ಬಸ್ಸು ದೂರದ ರಸ್ತೆಯಲ್ಲಿ ಗುರುಗುಟ್ಟಿ ಮರೆಯಾಗುತ್ತದೆ. ಕರೆಗಲ್ಲು ಬಯಲಿನಲ್ಲಿ ವಿಮಾನ ಇಳಿಯುವ ಮಣ್ಣಿನ ಪಟ್ಟಿಯ ಮೇಲೆ ಕಾಟಪ್ಪ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಚಪ್ಪಲಿ ಕಂಕುಳಲ್ಲಿದೆ, ಭುಜದ ಮೇಲೆ ಸನಿಕೆ. ಹತ್ತು ಹೆಜ್ಜೆಗೊಮ್ಮೆ ನಿಂತು ಅಂಗಾಲಿನಿಂದ ನೆಲ ಒತ್ತಿ ನೋಡುತ್ತಾರೆ.

"ಇಂಥಾ ಮಬ್ಬಿನಾಗೆ ಕಣ್ಣಿಗಿಂತ ಕಾಲು ಬೇಗ ಹೇಳ್ತೈತ್ರಿ. ಹೆಗ್ಗಣ ರಾತ್ರೋರಾತ್ರಿ ತೋಡಿರ್ತೈತೆ. ಇಷ್ಟಗಲ ಗುಂಡಿ ಸಾಕು, ಗಾಲಿ ಸಿಕ್ಕಂಡು ವಿಮಾನ ಮೂಗು ಮಣ್ಣಿಗೆ ಹೊಡ್ಕಂತೈತೆ."

ಪಟ್ಟಿಯ ಉದ್ದ ಸಾವಿರದ ನೂರು ಗಜ. ನಡುವೆ ಒಂದು ಸಲ, ಎರಡೂ ಅಂಚುಗಳಲ್ಲಿ ಒಂದೊಂದು ಸಲ, ಹೀಗೆ ದಿನಕ್ಕೆ ಮೂರು ಸಲ ಅವರು ಅದನ್ನು ಕಾಲಿನಿಂದ ಓದುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಓದುತ್ತಿದ್ದಾರೆ. ಇವತ್ತು ಎರಡು ಬಿಲ ಸಿಕ್ಕಿವೆ. ಮಣ್ಣು ತುಂಬಿ, ನೀರು ಹಾಕಿ ತುಳಿದು, ಕಂಬದ ತುದಿಯ ಗಾಳಿಚೀಲದ ಕಡೆ ಮುಖ ಎತ್ತುತ್ತಾರೆ. ಚೀಲ ಜೋತುಬಿದ್ದಿದೆ. ಗಾಳಿ ಇಲ್ಲ. ಮೂಡಣಕ್ಕೆ ರಂಗನಾಥನ ಗುಡಿ ಕಾಣುತ್ತಿದೆ, ಅದು ಒಂದು ಮೈಲಿ. ಅದರಾಚೆ ಕರಡಿಗುಡ್ಡವೂ ಕಾಣುತ್ತಿದೆ, ಅದು ಮೂರು ಮೈಲಿಗೆ ತುಸು ಮೇಲೆ. ಕಣ್ಣಿನಿಂದಲೇ ದಾರಿ ನೋಡಿಕೊಂಡು ಹಾರುವ ಪೈಲಟ್‌ಗೆ ಐದು ಕಿಲೋಮೀಟರ್ ದೂರ ಕಾಣಲೇಬೇಕೆಂದು ನಿಯಮ. ಕರಡಿಗುಡ್ಡ ಮಂಜಿನಲ್ಲಿ ಮುಳುಗಿದ ದಿನ ಕಾಟಪ್ಪ ಹಳದಿ ಪಟ್ಟೆಗಳ ಕೆಂಪು ಹಲಗೆಯನ್ನು ನೆಲದ ಮೇಲೆ ಹಾಸಿಬಿಡುತ್ತಾರೆ. ಇಳಿಯಬೇಡ ಎಂದು ಅದರ ಅರ್ಥ.

ಸರ್ಕಾರಿ ಕಾಗದದಲ್ಲಿ ಅವರ ಹುದ್ದೆ ಮೈದಾನದ ಕಾವಲುಗಾರ. ಅವರು ನಿಜಕ್ಕೂ ಏನೆಂಬುದು ಬೆಂಗಳೂರಿನಲ್ಲಿ ವಿಮಾನ ಹಾರಿಸಲು ಕಲಿಯುವ ತರುಣರಿಗೆ ಗೊತ್ತು. ಪರವಾನಗಿ ಸಿಗಬೇಕಾದರೆ ವಿದ್ಯಾರ್ಥಿಯೊಬ್ಬ ಒಂಟಿಯಾಗಿ ದೂರದೂರಿಗೆ ಹಾರಿ, ಅಲ್ಲಿ ಇಳಿದು, ಇಳಿದದ್ದಕ್ಕೆ ಸಹಿ ಹಾಕಿಸಿಕೊಂಡು ಮರಳಬೇಕು. ಆ ದೂರದೂರು ಈ ಬಯಲು. ಆ ಸಹಿ ಕಾಟಪ್ಪನವರದು. ಇದುವರೆಗೆ ಆರುನೂರ ಹನ್ನೆರಡು ಸಹಿ ಹಾಕಿದ್ದಾರೆ, ಎಲ್ಲವೂ ದುಂಡನೆಯ ಕನ್ನಡದಲ್ಲಿ. ಅಂಥ ಸಹಿಯಿರುವ ಲಾಗ್ ಪುಸ್ತಕ ಇಟ್ಟುಕೊಂಡವರಲ್ಲಿ ಕೆಲವರು ಈಗ ಸಮುದ್ರ ದಾಟಿಸುವ ದೊಡ್ಡ ವಿಮಾನಗಳನ್ನು ನಡೆಸುತ್ತಿದ್ದಾರೆ.

ಈ ಬಯಲು ಮೊದಲು ಗೊಲ್ಲರಹಟ್ಟಿಯವರ ಕುರಿ ಮೇಯುವ ಜಾಗವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತುರ್ತಾಗಿ ವಿಮಾನ ಇಳಿಸಲು ಬೇಕೆಂದು ಸರ್ಕಾರ ಅದನ್ನು ತೆಗೆದುಕೊಂಡಿತು. ಹದಿನಾರರ ಕಾಟಪ್ಪ ತಂದೆ ಓಬಯ್ಯನ ಜೊತೆ ಕಲ್ಲು ಆರಿಸಲು ಬಂದರು. ಯುದ್ಧ ಮುಗಿದರೂ ಒಂದು ವಿಮಾನವೂ ಇಳಿಯಲಿಲ್ಲ. ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಬೆಂಗಳೂರಿನ ತರಬೇತಿ ಶಾಲೆಯವರು ಬಂದು ಪಟ್ಟಿಯನ್ನು ಸರಿಮಾಡಿಸಿದರು. ಆಗ ಬಂದ ವಯಸ್ಸಾದ ಬೋಧಕರೊಬ್ಬರು ಕಾಟಪ್ಪನವರಿಗೆ ದೀಪದ ಸನ್ನೆ ಕಲಿಸಿದರು. ನಿಂತು ಉರಿಯುವ ಹಸಿರು ಎಂದರೆ ಇಳಿ, ನೆಲದ ಮೇಲಿದ್ದರೆ ಹೊರಡು. ನಿಂತು ಉರಿಯುವ ಕೆಂಪು ಎಂದರೆ ಇನ್ನೊಬ್ಬರಿಗೆ ದಾರಿ ಬಿಟ್ಟು ಸುತ್ತು ಹಾಕುತ್ತಿರು. ಕೆಂಪು ಮಿಣುಕಿದರೆ ನೆಲ ಸರಿಯಿಲ್ಲ, ಇಳಿಯಲೇಬೇಡ.

"ಸಾಹೇಬ್ರು ಹೇಳ್ತಾ ಹೋದ್ರು, ನಾನು ಬರಕಂತಾ ಹೋದೆ. ಕೂಲಿಮಠದಾಗೆ ಮೂರನೇ ಕ್ಲಾಸಿನವರ್ಗೂ ಓದಿದ್ನಲ್ಲ, ಅಷ್ಟು ಸಾಕಾತು" ಎನ್ನುತ್ತಾ ಅವರು ತಗಡಿನ ಪೆಟ್ಟಿಗೆಯಿಂದ ನೋಟುಪುಸ್ತಕ ತೆಗೆಯುತ್ತಾರೆ. ಅಂಚು ಗೆದ್ದಲು ತಿಂದಿದೆ. ಒಳಗೆ ಆಕಾಶದ ಕಾನೂನು ಹಟ್ಟಿಯ ಮಾತಿನಲ್ಲಿದೆ: "ಎರಡು ವಿಮಾನ ಅಡ್ಡ ಬಂದರೆ ಬಲಗಡೆ ಇರೋದು ಮುಂದೆ ಹೋಗಲಿ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಿ. ಇಳಿಯೋವಾಗ ಕೆಳಗಿರೋನಿಗೆ ಮೊದಲು ದಾರಿ. ಅಪಾಯದಾಗೆ ಇರೋನಿಗೆ ಎಲ್ಲರೂ ದಾರಿ ಬಿಡಿ."

ಒಂಬತ್ತು ಗಂಟೆಗೆ ಆಗ್ನೇಯದ ಕಡೆ ಸದ್ದು ಕೇಳುತ್ತದೆ. ಮೂರು ದಿನದ ಹಿಂದೆ ತರಬೇತಿ ಶಾಲೆಯಿಂದ ಬಂದ ಕಾರ್ಡಿನಲ್ಲಿ ತಿಳಿಸಿದ್ದ ವಿದ್ಯಾರ್ಥಿ ಇವನೇ ಇರಬೇಕು. ಎರಡು ಸೀಟಿನ ಪುಟ್ಟ ಪುಷ್ಪಕ್ ವಿಮಾನ, ರೇಡಿಯೋ ಇಲ್ಲ. ಕಾಟಪ್ಪ ದೀಪ ಎತ್ತಿ ಹಸಿರು ತೋರಿಸುತ್ತಾರೆ. ವಿಮಾನ ಎರಡು ಸಲ ಕುಪ್ಪಳಿಸಿ, ದೂಳೆಬ್ಬಿಸಿ ನಿಲ್ಲುತ್ತದೆ. ಇಳಿದವನು ದಾವಣಗೆರೆಯ ರಂಗಪ್ಪ, ಇಪ್ಪತ್ತೆರಡರ ತರುಣ. ಕಾಟಪ್ಪ ಅವನಿಗೆ ಮಜ್ಜಿಗೆ ಕೊಟ್ಟು ಬೇವಿನ ಮರದ ಕೆಳಗೆ ಕೂರಿಸುತ್ತಾರೆ. ಸಹಿ ಆಮೇಲೆ, ಮೊದಲು ಪ್ರಶ್ನೆ.

"ಎದುರಿಗೆ ವಿಮಾನ ಬಂತು. ಯಾವ ಕಡೆ ತಿರುಗ್ತೀಯಪ್ಪ?"

"ಎಡಕ್ಕೆ... ಅಲ್ಲ, ಬಲಕ್ಕೆ."

"ಈಗ ಎಡಕ್ಕೆ ಅಂದ್ಯಲ್ಲ, ಅಲ್ಲೇ ಹೋತು ನೋಡು ಜೀವ. ರಸ್ತೆನಾಗೆ ಬಂಡಿ ಎದುರಿಗೆ ಬಂದ್ರೆ ಎಡಕ್ಕೆ ಸರೀತೀವಿ, ಅದು ಮೈಗೆ ಹತ್ತಿರ್ತೈತೆ. ನೆಲದ ಮ್ಯಾಲೆ ಹತ್ತಿರೋದನ್ನ ಆಕಾಶದಾಗೆ ಬಿಡಬೇಕು. ಸರಿ, ಈ ವಿದ್ಯಾರ್ಥಿ ಲೈಸೆನ್ಸಿನಾಗೆ ಪಕ್ಕದ ಸೀಟಿನಾಗೆ ಯಾರನ್ನ ಕುಂದ್ರಿಸ್ಕಂಡು ಹೋಗಬೋದು?"

"ಯಾರನ್ನೂ ಇಲ್ಲ. ಪ್ರಯಾಣಿಕರನ್ನ ಕರ್ಕೊಂಡು ಹೋಗೋ ಹಾಗಿಲ್ಲ."

"ಹಂಗೇ ನೆನಪಿಟ್ಕ" ಎಂದು ಕಾಟಪ್ಪ ಪೆನ್ನು ತೆಗೆಯುತ್ತಾರೆ.

ಈ ಕೊನೆಯ ಪ್ರಶ್ನೆಯನ್ನು ಅವರು ಒಬ್ಬರಿಗೂ ಬಿಟ್ಟಿಲ್ಲ. ಇಲ್ಲಿಗೆ ಬರುವವರೆಲ್ಲ ವಿದ್ಯಾರ್ಥಿಗಳು, ಬರುವ ಪ್ರತಿ ವಿಮಾನದಲ್ಲೂ ಒಂದು ಸೀಟು ಖಾಲಿ, ಆ ಸೀಟಿನಲ್ಲಿ ಯಾರೂ ಕೂರಬಾರದೆಂದು ಕಲಿಸುವವರು ಕಾಟಪ್ಪ. ಆರುನೂರ ಹನ್ನೆರಡು ವಿಮಾನಗಳನ್ನು ನೆಲಕ್ಕೆ ಕರೆದುಕೊಂಡವರಿಗೆ ಒಂದು ಸಲವೂ ನೆಲ ಬಿಡಲಾಗಲಿಲ್ಲ. ಒಂದೆರಡು ಹುಡುಗರು, "ಬರ್ರಿ, ಯಾರು ನೋಡ್ತಾರೆ" ಎಂದು ಕರೆದದ್ದೂ ಉಂಟು. ಹಾಗೆಂದವರಿಗೆ ಅವರು ಮತ್ತೆ ಮೊದಲಿನಿಂದ ಪಾಠ ಹೇಳಿಸಿ, ಆಮೇಲೆ ಸಹಿ ಹಾಕಿದರು.

ಆಸೆ ಇಲ್ಲವೇ ಎಂದು ಕೇಳಿದರೆ ಹೇಳುತ್ತಾರೆ: "ಇಲ್ಲ ಅಂದ್ರೆ ಸುಳ್ಳಾಗ್ತೈತೆ. ವಿಮಾನ ಎದ್ದು ಹೋಗೋವಾಗ ನನ್ನ ಹಿಮ್ಮಡಿ ತಾನಾಗೇ ನೆಲ ಬಿಡ್ತೈತ್ರಿ. ಈ ವಯಸ್ಸಿನಾಗೂ."

ಎಪ್ಪತ್ತೈದರ ಜನವರಿಯಲ್ಲಿ ಬಂದವಳು ಏಕನಾಥಮ್ಮ. ಭರಮಸಾಗರದ ಶಾಲಾ ಮಾಸ್ತರರ ಮಗಳು, ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಹಾರಾಟಕ್ಕೆ ಬಂದಿದ್ದಳು. ಹೇಳಿದ ಹೊತ್ತಿಗಿಂತ ಇಪ್ಪತ್ತೈದು ನಿಮಿಷ ತಡವಾಗಿ ಇಳಿದಳು. ಮಾರಿಕಣಿವೆ ಅಣೆಕಟ್ಟಿನ ನೀರನ್ನು ತನ್ನೂರಿನ ಕೆರೆ ಎಂದುಕೊಂಡು ದಾರಿ ತಪ್ಪಿದ್ದಳು. ಇಳಿದವಳೇ ಅತ್ತಳು. ಅಳು ದಾರಿ ತಪ್ಪಿದ್ದಕ್ಕಲ್ಲ. ವಾಯುನಿಯಮಗಳ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು, ಮೂರನೆಯ ಸಲವೂ ಹೋದರೆ ವೇತನ ನಿಲ್ಲುತ್ತಿತ್ತು.

"ಬಾಯಿಪಾಠ ಎಲ್ಲಾ ಬರ್ತಿತ್ತು ಆ ಹುಡುಗಿಗೆ. ಏನು ಅಂತ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಕಾಟಪ್ಪ. ಅಂದು ಅವಳನ್ನು ನೆಲದ ಮೇಲೆ ಕೂರಿಸಿ, ಕಲ್ಲುಗಳನ್ನು ವಿಮಾನ ಮಾಡಿ, ಒಂದರ ದಾರಿಗೆ ಒಂದನ್ನು ಅಡ್ಡ ತಂದು ತೋರಿಸಿದರು. ಆಮೇಲೆ ಅವಳು ರಜೆಗೆ ಊರಿಗೆ ಬಂದಾಗೆಲ್ಲ ಬಸ್ಸು ಹತ್ತಿ ಬಯಲಿಗೆ ಬರತೊಡಗಿದಳು. ಮೂರನೆಯ ಸಲ ಪಾಸಾದಳು. ಪಾಸಾದ ಸುದ್ದಿ ಹೇಳಲು ಬಂದ ದಿನ ಹಟ್ಟಿಯವರೆಲ್ಲರ ಮುಂದೆ ಮಾತು ಕೊಟ್ಟಳು: "ಕಾಟಪ್ಪಣ್ಣ, ಖಾಸಗಿ ಪೈಲಟ್ ಲೈಸೆನ್ಸ್ ಬಂದ್ಮೇಲೆ ದುಡ್ಡು ತಗಳ್ದೆ ಯಾರನ್ನಾದ್ರೂ ಕೂರಿಸ್ಕಂಡು ಹೋಗ್ಬೋದು. ನೀವೇ ಹೇಳ್ಕೊಟ್ಟಿದ್ದು. ಮೊದಲ್ನೇ ಸೀಟು ನಿಮ್ಮದು."

ಎಪ್ಪತ್ತಾರರ ಫೆಬ್ರವರಿಯಲ್ಲಿ ಅವಳು ಬಂದೇ ಬಂದಳು. ಕಾಟಪ್ಪನವರ ಹೆಂಡತಿ ಪಾಲಮ್ಮ ಹಿರಿಯೂರಿನ ಸಂತೆಯಿಂದ ಹೊಸ ಪಂಚೆ ತಂದಿದ್ದರು. ವಿಮಾನದ ಮೂಗಿಗೆ ಕುಂಕುಮವಿಟ್ಟು ಆರತಿ ಎತ್ತಿದರು. ಹನ್ನೊಂದು ಗಂಟೆಯ ಸುಮಾರಿಗೆ ಕಾಟಪ್ಪ ಸೀಟಿನಲ್ಲಿ ಕುಳಿತರು. ಏಕನಾಥಮ್ಮ ಅವರ ಸೊಂಟಕ್ಕೆ ಪಟ್ಟಿ ಬಿಗಿದಳು. ಎಂಜಿನ್ ಶುರುವಾಯಿತು, ಇಡೀ ಮೈಯಲ್ಲಿ ಅದರ ನಡುಕ ತುಂಬಿತು. ಆಗ ಅವರು ಅಭ್ಯಾಸಬಲದಿಂದ ಗಾಳಿಚೀಲದ ಕಡೆ ನೋಡಿದರು.

ಚೀಲ ಬಡಗಣ ಗಾಳಿಗೆ ಉಬ್ಬಿ, ಪಟ್ಟಿಗೆ ನೇರ ಅಡ್ಡವಾಗಿ ಸೆಟೆದು ನಿಂತಿತ್ತು. ಅದರ ಬಾಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಗುರ ವಿಮಾನವನ್ನು ಅಂಥ ಅಡ್ಡಗಾಳಿ ಪಟ್ಟಿಯಿಂದಾಚೆ ನೂಕಿಬಿಡುತ್ತದೆ.

"ಎಂಜಿನ್ ನಿಲ್ಸವ್ವ."

"ಒಂದೇ ಸುತ್ತು ಕಾಟಪ್ಪಣ್ಣ. ಐದೇ ನಿಮಿಷ."

"ನೀನೊಬ್ಬಳೇ ಹೊರಟಿದ್ರೆ ಈ ಗಾಳಿಗೆ ಹಸಿರು ದೀಪ ತೋರಿಸ್ತಿದ್ನೇನವ್ವ ನಾನು? ಇಲ್ಲ. ನಾನು ಕುಂತಿದೀನಿ ಅಂತ ತೋರಿಸಾಕಾಗ್ತೈತಾ?"

ಸೊಂಟದ ಪಟ್ಟಿಯನ್ನು ತಾವೇ ಬಿಚ್ಚಿಕೊಂಡು ಇಳಿದರು. ವಿಮಾನವನ್ನು ಗೂಟಕ್ಕೆ ಹಗ್ಗ ಹಾಕಿ ಕಟ್ಟಿದರು. ಗಾಳಿ ತಗ್ಗಲೆಂದು ಎಲ್ಲರೂ ಬೇವಿನ ಮರದ ಕೆಳಗೆ ಕಾದರು. ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಐದಕ್ಕೆ ಹತ್ತು ನಿಮಿಷ ಇರುವಾಗ ಚೀಲ ಮೆಲ್ಲಗೆ ಇಳಿದು ಕಂಬಕ್ಕೆ ಒರಗಿತು. ಏಕನಾಥಮ್ಮ ಎದ್ದು ಓಡಿ ಹಗ್ಗ ಬಿಚ್ಚತೊಡಗಿದಳು. "ಹತ್ರಿ, ಬೇಗ ಹತ್ರಿ" ಎಂದಳು.

ಕಾಟಪ್ಪ ಪಡುವಣಕ್ಕೆ ನೋಡಿದರು. ಬೆಂಗಳೂರಿಗೆ ಒಂದೂಕಾಲು ಗಂಟೆಯ ಹಾದಿ. ಸೂರ್ಯ ಮುಳುಗುವುದು ಆರೂ ಇಪ್ಪತ್ತೇಳಕ್ಕೆ. ಅವಳ ಪರವಾನಗಿಯಲ್ಲಿ ಕತ್ತಲಲ್ಲಿ ಹಾರಲು ಅನುಮತಿ ಇರಲಿಲ್ಲ. ಹಗ್ಗ ಬಿಚ್ಚಿ, ಹತ್ತಿ, ಸುತ್ತಿ, ಇಳಿಯುವಷ್ಟರಲ್ಲಿ ಇಪ್ಪತ್ತೈದು ನಿಮಿಷವಾದರೂ ಆಗುತ್ತಿತ್ತು.

"ಇಲ್ಲವ್ವ. ಇಲ್ಲಿ ನನಗೆ ಕೊಟ್ಟ ಹೊತ್ತು ನಿನಗೆ ಅಲ್ಲಿ ಬೇಕಾಗ್ತೈತೆ. ಹೊರಡು."

"ನಾನು ಇವತ್ತು ಇಲ್ಲೇ ಉಳೀತೀನಿ. ಬೆಳಗ್ಗೆ ಹಾರೋಣ."

"ನಾಳೆ ಬೆಳಗ್ಗೆ ಏಳಕ್ಕೆ ಈ ವಿಮಾನದಾಗೆ ಬೇರೆಯೋರ ಪರೀಕ್ಷೆ ಐತೆ ಅಂತ ನೀನೇ ಹೇಳ್ದಲ್ಲ. ಅವರೂ ನಿನ್ನಂಗೇ ಕಾಯ್ಕಂಡು ಕುಂತಿರ್ತಾರೆ."

ಅವಳು ಬಗ್ಗಿ ಅವರ ಕಾಲು ಮುಟ್ಟಿ, ವಿಮಾನ ಹತ್ತಿದಳು. ಪಟ್ಟಿಯ ತುದಿಯಲ್ಲಿ ನಿಂತು ಸನ್ನೆಗೆ ಕಾದಳು. ಕಾಟಪ್ಪ ದೀಪ ಎತ್ತಿದರು. "ಅವತ್ತೊಂದು ದಿನ ದೀಪ ಭಾರ ಆತು. ಎಡಗೈಯಾಗೆ ಬಲಗೈ ಹಿಡ್ಕಂಡು ಹಸಿರು ತೋರಿಸ್ದೆ."

ಮರುದಿನ ತಂತಿ ಬಂತು. ಆರೂ ಹದಿನೆಂಟಕ್ಕೆ ಇಳಿದೆ ಎಂದಿತ್ತು. ಸೂರ್ಯ ಮುಳುಗಲು ಒಂಬತ್ತು ನಿಮಿಷ ಬಾಕಿ.

ಏಕನಾಥಮ್ಮ ಈಗ ಉತ್ತರ ಭಾರತದ ಹಾರಾಟ ಶಾಲೆಯೊಂದರಲ್ಲಿ ಬೋಧಕಿ. ಯುಗಾದಿಗೂ ದೀಪಾವಳಿಗೂ ಕಾಗದ ಬರೆಯುತ್ತಾಳೆ. ನಿಮ್ಮ ಕಲ್ಲಿನ ಪಾಠವನ್ನೇ ಇಲ್ಲಿನ ಹುಡುಗರಿಗೂ ಹೇಳುತ್ತೇನೆ, ರಜೆ ಸಿಕ್ಕರೆ ಬರುತ್ತೇನೆ ಎನ್ನುತ್ತಾಳೆ. ಇನ್ನೂ ಬರಲಾಗಿಲ್ಲ. ಈಚೆಗೆ ತರಬೇತಿ ವಿಮಾನಗಳಿಗೆ ಒಂದೊಂದಾಗಿ ರೇಡಿಯೋ ಬರುತ್ತಿದೆ. ರೇಡಿಯೋ ಇದ್ದವು ದೊಡ್ಡ ನಿಲ್ದಾಣಗಳ ಕಡೆ ಹೋಗುತ್ತವೆ. ಹೋದ ವರ್ಷ ಮೂವತ್ತೊಂದು ವಿಮಾನ ಇಳಿದಿದ್ದವು. ಈ ವರ್ಷ, ನವೆಂಬರ್ ಮುಗಿಯುತ್ತಾ ಬಂದರೂ, ರಂಗಪ್ಪನದು ಏಳನೆಯದು. ಮೈದಾನವನ್ನು ಮುಚ್ಚುತ್ತಾರೆಂಬ ಮಾತೂ ಇದೆ.

"ಅವತ್ತು ಮನೆಗೆ ಬಂದೋರು ಆ ಹೊಸ ಪಂಚೆ ಮಡಚಿ ಪೆಟ್ಟಿಗೆಗಿಟ್ರು" ಎನ್ನುತ್ತಾರೆ ಪಾಲಮ್ಮ. "ಆಮ್ಯಾಲೆ ಅದನ್ನ ಉಟ್ಟಿಲ್ಲ. ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ. ಉಟ್ಕಳ್ರಿ ಅಂದ್ರೆ, ಇರ್ಲಿ ಬಿಡು ಅಂತಾರೆ."

ರಂಗಪ್ಪನ ವಿಮಾನ ಎದ್ದು, ಚುಕ್ಕಿಯಾಗಿ, ಕಾಣದಾಗುತ್ತದೆ. ಕಾಟಪ್ಪ ಅದು ಹೋದ ಕಡೆಯೇ ನೋಡುತ್ತಾ ಇನ್ನೂ ಒಂದಿಷ್ಟು ಹೊತ್ತು ನಿಂತಿರುತ್ತಾರೆ. ಆಮೇಲೆ ಪಂಚೆ ಎತ್ತಿಕಟ್ಟಿ ಪಟ್ಟಿಯ ಮೂಡಣ ತುದಿಗೆ ನಡೆಯುತ್ತಾರೆ. ಪಾಲಮ್ಮ ಆಗಲೇ ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದಿದ್ದಾರೆ. ಪಟ್ಟಿ ಯಾವ ದಿಕ್ಕಿಗಿದೆ ಎಂದು ಪೈಲಟ್‌ಗೆ ತಿಳಿಯಲು ಎರಡೂ ತುದಿಗಳಲ್ಲಿ ದೊಡ್ಡ ಅಂಕೆ ಬರೆದಿರುತ್ತದೆ. ಈ ತುದಿಯದು ಇಪ್ಪತ್ತೇಳು. ಒಂದೊಂದು ಅಂಕೆಯೂ ಇಪ್ಪತ್ತಡಿ ಉದ್ದ. ಮಳೆ ಹೋದ ಮೇಲೆ ಪ್ರತಿ ವರ್ಷ ಅವನ್ನು ಹೊಸದಾಗಿ ಬಳಿಯಬೇಕು.

"ಬರೋರೇ ಕಡಿಮೆಯಾಗ್ಯಾರೆ. ಯಾರಿಗೋಸ್ಕರ ಇಷ್ಟೊಂದು ಬಳೀತೀರಿ?" ಎಂದು ಪಾಲಮ್ಮ ಕೇಳುತ್ತಾರೆ.

ಕಾಟಪ್ಪ ಮೊಣಕಾಲೂರಿ ಕುಳಿತು, ಹಗ್ಗ ಹಿಡಿದು ಏಳರ ಓರೆಗೆರೆಯನ್ನು ನೇರ ಮಾಡಿಕೊಳ್ಳುತ್ತಾರೆ. ಸುಣ್ಣದಲ್ಲಿ ಅದ್ದಿದ ಕುಂಚವನ್ನು ಮಣ್ಣಿಗೆ ಎಳೆಯುತ್ತಾರೆ. ತಲೆ ಎತ್ತದೆಯೇ ಹೇಳುತ್ತಾರೆ.

"ಇಲ್ಲಿ ನಿಂತು ನೋಡಿದ್ರೆ ಬರೀ ಸುಣ್ಣ ಕಾಣ್ತೈತೆ. ಮ್ಯಾಲಿಂದ ನೋಡ್ದೋರೆಲ್ಲ, ಅಕ್ಷರ ದುಂಡಗೈತೆ ಕಾಟಪ್ಪ ಅಂತಾರೆ. ನಾನು ಬರ್ದಿದ್ದನ್ನ ನಾನೂ ಒಂದ್ಸಲ ಓದ್ಬೇಕು. ಅಷ್ಟೇ."