ಅಣಬೆಯ ಗೂಡಿನ ಬಾಗಿಲು

ಜೇನುಗೂಡಿನ ಬಾಗಿಲು ಮುಚ್ಚಿದವಳು ನಾನೇ ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿರುವುದು ಮಾತ್ರ ಚಿಕ್ಕಮ್ಮನ ಕೈ, ಅದರಲ್ಲಿ ಒದ್ದೆ ಬಟ್ಟೆ. ಯಾವುದನ್ನು ನಂಬಲಿ?

ಹಚ್ಚೊಳ್ಳಿಯ ಚಿಕ್ಕಮ್ಮನ ಬಳಿ ಒಂದೇ ಒಂದು ಜೇನು ಕುಟುಂಬ ಉಳಿದಿತ್ತು. ಮಿಕ್ಕ ಮರದ ಪೆಟ್ಟಿಗೆಗಳು ಹಿಂದಿನ ಬೇಸಿಗೆಯಲ್ಲಿ ಕಾದು, ಮೇಣ ಕರಗಿ, ಎರಿಗಳು ಕುಸಿದಿದ್ದವು. ಅಣಬೆಯಿಂದ ಬಿಸಿಲು ತಡೆಯುವ ಗೂಡು ಬೆಳೆಸಬಹುದೆಂದು ಎಲ್ಲೋ ಓದಿ, ಬಳ್ಳಾರಿಯ ಮನೆಯಲ್ಲಿ ಶುರು ಮಾಡಿದೆ. ಸಿರುಗುಪ್ಪದ ಗಿರಣಿಯ ಭತ್ತದ ಹೊಟ್ಟು ಕುದಿಸಿ, ಅಣಬೆ ಬೀಜ ಬೆರೆಸಿ, ಬ್ರೂಸ್‌ಪೇಟೆಯಲ್ಲಿ ಕೊಂಡ ಎರಡು ಬಕೆಟ್‌ಗಳನ್ನು ಒಂದರೊಳಗೊಂದು ಇಟ್ಟು ನಡುವಿನ ಸಂದಿಯಲ್ಲಿ ತುಂಬಿದೆ. ಮೂರು ವಾರದಲ್ಲಿ ಬಿಳಿ ಎಳೆಗಳು ಹೊಟ್ಟನ್ನೆಲ್ಲ ಹೆಣೆದು ಗಟ್ಟಿ ಮಾಡಿದವು. ಒಣಗಿಸಿ, ಬಸ್ಸು ಹತ್ತಿ, ತೊಡೆಯ ಮೇಲಿಟ್ಟುಕೊಂಡು ಹಚ್ಚೊಳ್ಳಿಗೆ ಒಯ್ದೆ.

"ಲೇ, ಬೂಷ್ಟು ಹಿಡಿದ ಇಡ್ಲಿ ತಂದೀಯಲ್ಲ!" ಚಿಕ್ಕಮ್ಮ ನಕ್ಕಳು. "ಇದರಾಗ ನನ್ನ ಹುಳ ಇರ್ತಾವೇನು?"

ಇದ್ದವು. ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೋಡೆ ಮುಟ್ಟಿದರೆ ಬಿಸಿ ತಾಗುತ್ತಿರಲಿಲ್ಲ. ನಾನು ಹೆಮ್ಮೆಪಟ್ಟಿದ್ದೆ. ಅದನ್ನು ದಿನಚರಿಯಲ್ಲಿ ಬರೆದಿಲ್ಲ.

ಬಾಗಿಲು ಮುಚ್ಚಿದ ದಿನ ಬೆಳಿಗ್ಗೆ ಪಕ್ಕದ ಗದ್ದೆಯವನು ಬೆನ್ನಿಗೆ ಪಂಪು ಕಟ್ಟಿಕೊಂಡೇ ಬಂದ. "ಅಕ್ಕಾ, ಭತ್ತಕ್ಕ ಹುಳದ ಎಣ್ಣಿ ಹೊಡೀತೀನಿ. ಗೂಡು ಮುಚ್ಚಿಕೊಳ್ರಿ."

"ಸಂಜಿಗೆ ಹೊಡಿಯಪ್ಪಾ. ಅರ್ಧ ಹುಳ ಹೊರಗ ಹೋಗ್ಯಾವ," ಎಂದಳು ಚಿಕ್ಕಮ್ಮ.

"ನನ್ನ ಗದ್ದಿ ಹುಳ ನಿಮ್ಮ ಹುಳದಂಗ ಸಂಜಿಗೆ ಮನಿಗೆ ಹೋಗಂಗಿಲ್ಲಕ್ಕಾ."

ಅವನ ಮಾತೂ ತಪ್ಪಲ್ಲ. ಅವನು ಗದ್ದೆಯ ಕಡೆ ನಡೆದ.

ಒದ್ದೆ ಬಟ್ಟೆ ತುರುಕಿ ಬಾಗಿಲು ಮುಚ್ಚಿದೆವು. ಬದುವಿನ ನೀರು ಕುಡಿಯಲು ಹೋಗಿದ್ದ ಜೇನುಗಳು ಒಂದೊಂದಾಗಿ ಮರಳಿ ಗೂಡಿನ ಬಿಳಿ ಗೋಡೆಗೆ ಅಂಟಿಕೊಂಡವು, ಬಟ್ಟೆಯ ಅಂಚನ್ನು ಎಳೆದವು. ತೆರೆದರೆ ಇವುಗಳ ಮೈಮೇಲಿನ ವಿಷ ಒಳಗೆ, ಒಳಗಿನವು ಗದ್ದೆಗೆ. "ತೆಗೀಲೇನು?" ಎಂದದ್ದು ನಾನೋ ಚಿಕ್ಕಮ್ಮನೋ ತಿಳಿಯದು. ಬಟ್ಟೆಯನ್ನಂತೂ ಇಬ್ಬರೂ ತೆಗೆಯಲಿಲ್ಲ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಒಂದೂ ಇರಲಿಲ್ಲ. ಕೆಳಗೆ ನೆಲ ಕಪ್ಪಗಿತ್ತು.

ಒಳಗಿನವು ಬದುಕಿದ್ದವು. ಗೂಡು ತನ್ನ ಕೆಲಸ ಮಾಡಿತ್ತು.

ಮರುದಿನ ಬೆಳಿಗ್ಗೆ ಬಾಗಿಲ ಬಳಿಯೇ ತಟ್ಟೆಯಲ್ಲಿ ನೀರಿಟ್ಟು ಚಿಕ್ಕಮ್ಮ ಬಟ್ಟೆ ಎಳೆದಳು. ನಾನು ನೆನಪಿಟ್ಟುಕೊಂಡಿರುವ ಕೈ ಬಹುಶಃ ಈ ಬೆಳಗಿನದು. ಹಾಗಾದರೆ ಮುಚ್ಚಿದವಳು ನಾನೇ.

"ಎಷ್ಟು ದಿನಾ ಅಂತ ಮುಚ್ಚಿಡಾಕ ಆಗ್ತೈತಿ ಲೇ," ಎಂದಳು.

ಜೇನುಗಳು ತಟ್ಟೆಯ ಮೇಲೆ ಹಾದು, ನೇರ ಗದ್ದೆಯ ಕಡೆಗೆ ಹಾರಿದವು.