ಅವನ ಹೊಲ, ಅವನ ಇಷ್ಟ

ಇರುವೆ ಹತ್ತಬಹುದಿತ್ತು. ಊಜಿ ನೊಣ ಪರದೆಯಲ್ಲಿ ತೂತು ಹುಡುಕಿಕೊಂಡು ಬಂದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡಬಹುದಿತ್ತು. ಮಳೆ ಹಿಡಿದು, ಸೊಪ್ಪು ಒದ್ದೆಯಾಗಿ ರೋಗ ಬರಬಹುದಿತ್ತು. ಬಿಸಿಲೇರಿ ಶೀಟಿನ ಕೆಳಗೆ ಹುಳುಗಳು ಬೆಂದುಹೋಗಬಹುದಿತ್ತು. ಗೂಡು ಹೊತ್ತು ರಾಮನಗರದ ಮಾರ್ಕೆಟ್ಟಿಗೆ ಹೊರಟ ಆಟೋ ಊರ ತಿರುವಿನಲ್ಲೇ ಮಗುಚಬಹುದಿತ್ತು. ಅದೂ ಸಾಲದೆಂದು ನಾನೇ ತಲೆಸುತ್ತಿ ಹುಳುಗಳ ತಟ್ಟೆಗಳ ಮೇಲೆ ಬಿದ್ದು, ಯಾವ ರೋಗಕ್ಕೂ ಸಾಧ್ಯವಾಗದ್ದನ್ನು ನನ್ನ ಹೊಟ್ಟೆಯೊಂದರಿಂದಲೇ ಮಾಡಿ ಮುಗಿಸಬಹುದಿತ್ತು.

ಇಷ್ಟನ್ನೂ ಚನ್ನಪಟ್ಟಣದ ಮನೆಯಲ್ಲಿ ಕೂತೇ ಯೋಚಿಸಿ, ಬಿ.ಪಿ. ಮಾತ್ರೆ ಕಟ್ಟಿಕೊಂಡು, ರಜೆ ಹಾಕಿ, ವಿರೂಪಾಕ್ಷಿಪುರದ ಹತ್ತಿರ ತಂಗಿ ಹುಳು ಮೇಯಿಸುತ್ತಿದ್ದ ಅಪ್ಪನ ತೋಟಕ್ಕೆ ಬಂದಿದ್ದೆ.

ಗಂಡನನ್ನು ಬಿಟ್ಟು ಬಂದಮೇಲೆ ಅವಳು ಒಬ್ಬಳೇ ಇಳಿಸಿದ ಮೊದಲ ಹುಳುವಿನ ಬೆಳೆ ಅದು. ದೊಡ್ಡಣ್ಣನ ಷರತ್ತಿತ್ತು: ಬೆಳೆ ಗೆದ್ದರೆ ಹಿಪ್ಪುನೇರಳೆ ತೋಟ ಅವಳಿಗೆ. ಸೋತರೆ ತೋಟ ಗುತ್ತಿಗೆಗೆ, ಅವಳು ಕನಕಪುರದ ಅವನ ಅಡುಗೆಮನೆಗೆ. ನಡುವಿನವನಾದ ನಾನು ಇಬ್ಬರ ಕಡೆಗೂ ತಲೆಯಾಡಿಸಿದ್ದೆ.

ಹುಳುಮನೆಯ ಬಾಗಿಲಲ್ಲೇ ತಂಗಿ ತಡೆದಳು. "ಏನ್ ಮೆತ್ಕೊಂಡ್ ಬಂದಿದ್ದೀಯಣ್ಣ, ಪೌಡ್ರಾ? ಹೋಗು, ತೊಳ್ಕೊಂಡ್ ಬಾ. ನೀನೊಬ್ಬ ಒಳೀಕ್ ಬರ್ದೆ ಇದ್ರೆ ಹುಳ ಬದುಕ್ಕತವೆ."

ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಎದ್ದು ಐದು ದಿನವಾಗಿ ಬಕಾಸುರರಂತೆ ತಿನ್ನುತ್ತಿದ್ದವು. ಇನ್ನೆರಡು ದಿನ ಸೊಪ್ಪು ಕೊಟ್ಟರೆ ಹಣ್ಣಾಗಿ ಗೂಡು ಕಟ್ಟಲು ತೊಡಗುತ್ತಿದ್ದವು.

ಬೇಲಿಯಾಚೆ ಪಕ್ಕದವನ ಟೊಮೆಟೊ. ಅವನಪ್ಪ ಬದುಕಿದ್ದಾಗ ಔಷಧಿ ಹೊಡೆಯುವ ಹಿಂದಿನ ದಿನ ಬೇಲಿ ಹತ್ತಿರ ನಿಂತು, "ನಾಳೀಕ್ ಔಸ್ದಿ ಹೊಡೀತೀನಿ, ಸೊಪ್ಪು ಕುಯ್ಕೊಳ್ರವ್ವಾ" ಎಂದು ಕೂಗುತ್ತಿದ್ದ. ಎರಡು ದಿನಕ್ಕಾಗುವ ಸೊಪ್ಪನ್ನು ಕುಯ್ದು ಒದ್ದೆ ಗೋಣಿ ಹೊದಿಸಿಟ್ಟುಕೊಂಡರೆ ಮುಗಿಯಿತು. ಹುಳು ಮೇಯಿಸುವ ಎಲ್ಲ ಕಡೆಯೂ ಈ ಕೂಗು ಉಂಟು. ಯಾವ ಕಾನೂನಿನಲ್ಲೂ ಇಲ್ಲ.

ಮಗ ಕೂಗಲಿಲ್ಲ. ತಂಗಿ ಒಳಗೆ ತಟ್ಟೆ ಶುಚಿ ಮಾಡುತ್ತಿದ್ದ ಸಂಜೆ ಹೊಡೆದು ಹೋದ. ಬೆಳಿಗ್ಗೆ ಅವಳು ಬೇಲಿ ಪಕ್ಕದ ಸಾಲಿನ ಸೊಪ್ಪನ್ನೇ ಕುಯ್ದು ಹಾಕಿದಳು. ಮಧ್ಯಾಹ್ನಕ್ಕೆ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಕ್ಕಲಾರಂಭಿಸಿದವು. ತಂಗಿ ಒಂದು ಎಲೆ ಮೂಸಿ ನೋಡಿ, ಬೇಲಿಯತ್ತ ನಡೆದಳು. ಟೊಮೆಟೊ ಎಲೆಗಳ ಮೇಲೆ ಔಷಧಿಯ ಬಿಳಿ ಚುಕ್ಕೆ ಒಣಗಿತ್ತು.

ಟೀ ಅಂಗಡಿಯಲ್ಲಿ ಪಕ್ಕದವನು ಸಿಕ್ಕ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ ಬೈಗುಳವೆಲ್ಲ ಅಲ್ಲಿಗೆ ತಲುಪುವಷ್ಟರಲ್ಲಿ ವಿನಂತಿಯಾಗಿತ್ತು. "ಒಂದು ಮಾತು ಹೇಳಬಾರದಿತ್ತೇನಪ್ಪ?"

"ಯಾಕೇಳ್ಬೇಕು? ನನ್ ಹೊಲ, ನನ್ ಔಸ್ದಿ, ನನ್ನಿಷ್ಟ. ನಮ್ಮಪ್ಪ ಊರ್ನೋರ್ಗೆಲ್ಲ ಎದರ್ಕೊಂಡೇ ಸತ್ತ. ನಾನೂ ನಿಮ್ ತಂಗಿ ತಾವ ಪರ್ಮಿಸನ್ ತಗಂಡ್ ಬದುಕ್ಬೇಕಾ?"

"ಗಾಳಿ ನಮ್ಮ ಕಡೆಗಿತ್ತು."

"ಗಾಳೀಗೂ ನಾನೇ ಜವಾಬ್ದಾರ್ನಾ? ಹಿಡ್ಕಬಂದು ಗೂಟಕ್ ಕಟ್ಟಾಕ್ಲಾ?"

ಬೆಂಚಿನವರು ನಕ್ಕರು. ನಗುವವರ ನಡುವೆ ನಾನೊಬ್ಬನೇ ಗಂಭೀರವಾಗಿದ್ದರೆ ಏನೆಂದುಕೊಂಡಾರೋ ಎಂದು ನಾನೂ ಹಲ್ಲು ಬಿಟ್ಟೆ.

ಹಿತ್ತಲಲ್ಲಿ ತಂಗಿ ಗುಂಡಿ ತೋಡಿ ತಟ್ಟೆಗಳನ್ನು ಮಗುಚುತ್ತಿದ್ದಳು. ಕೆಲವು ಹುಳುಗಳು ಇನ್ನೂ ತಲೆಯಾಡಿಸುತ್ತಿದ್ದವು.

"ಜೀವ ಇದೆಯಲ್ಲೇ ಕೆಲವಕ್ಕೆ" ಎಂದೆ.

"ಆಯ್ಕೊಂಡ್ ಜೋಬಲ್ ಆಕ್ಕೊ, ಸಾಕ್ಕೊಳ್ಳೀವಂತೆ" ಎಂದು ಮಣ್ಣೆಳೆದಳು.

ದೊಡ್ಡಣ್ಣ ಫೋನಿನಲ್ಲಿ ವಿಷಯ ಕೇಳಿ, ನಾಳೆ ಅವಳನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿದ. ಗಾಳಿಯ ವಿಚಾರ ತೆಗೆದೆ. ಲೈನು ಕಟ್ಟಾಗಿತ್ತು.

ಮರುದಿನ ಅವಳು ಬ್ಯಾಗಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದಾಗ ಪಕ್ಕದವನು ಬೇಲಿ ಹತ್ತಿರ ಬಂದು ನಿಂತ. ದನಿ ಬೆಣ್ಣೆಯಂತಿತ್ತು. "ಅಣ್ಣ, ತೋಟ ಗುತ್ತಿಗೀಗ್ ಕೊಡೋದಾದ್ರೆ ಮೊದ್ಲು ನಂಗೊಂದ್ ಮಾತೇಳಿ. ಅಕ್ಕಪಕ್ಕದೋರು ನಾವು."

ತಂಗಿ ಜಿಪ್ಪು ಎಳೆದು ಮುಚ್ಚಿದಳು. ನಾನು ಆಗಲಿ ಎಂದೆ, ದೇವರಾಣೆಗೂ ಹಾಗೇ ಎಂದೆ. ಅವನು ನಿಂತಿದ್ದ ಜಾಗದಿಂದ ಮೆಲ್ಲಗೆ ಆಡಿದರೂ ಹುಳುಮನೆಯೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಔಷಧಿ ಹೊಡೆಯುವ ಮುಂಚೆ ಅವನು ಅಲ್ಲಿಗೆ ಬಂದು ಬಾಯಿ ತೆರೆಯಲಿಲ್ಲ. ಆದದ್ದು ಅಷ್ಟೇ.