ಟೊಲೆಡೋ ಕತ್ತಿಗೆ ಹುಣಸೆಹಣ್ಣು

ಅವರ ಬಲಗೈ ಹೆಬ್ಬೆರಳು ಎಷ್ಟು ಸೋಪು ಹಾಕಿ ತೊಳೆದರೂ ಕಪ್ಪಗೇ ಇರುತ್ತಿತ್ತು. ಹಿತ್ತಾಳೆಯ ಕಿಲುಬು ಉಗುರಿನ ಸಂದಿಗೆಲ್ಲ ಇಳಿದುಬಿಟ್ಟಿತ್ತು. ಈ ಪರದೇಶದಲ್ಲಿ, ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನಲ್ಲಿ ಅವರದೊಂದು ಲೋಹದ ಪಾಲಿಶ್ ಅಂಗಡಿ. ಆಫೀಸಿನ ಕೆಲಸ ಹೋಗಿ, ಅಪ್ಲೈ ಮಾಡಿ ಮಾಡಿ ನಾನು ಸೋತುಹೋಗಿದ್ದಾಗ ಕರೆದು ಕೆಲಸ ಕಲಿಸಿದವರು ಈ ಚಿಕ್ಕಬಳ್ಳಾಪುರದ ಅಂಕಲ್.

ನಲ್ಲಿ, ಬಾಗಿಲ ಹಿಡಿ, ಏನೇನೋ ಬರುತ್ತಿದ್ದವು. ಅವರ ಜೀವವೆಲ್ಲ ಇದ್ದದ್ದು ಸ್ಪೇನಿನ ಸೇನಾಧಿಕಾರಿಗಳ ಕತ್ತಿಗಳಲ್ಲಿ. ಅಲಗಿಗೆ ಹರಿತವೇ ಇಲ್ಲದ, ಮೆರವಣಿಗೆಯಲ್ಲಿ ಸೊಂಟಕ್ಕೆ ಕಟ್ಟುವ ಕತ್ತಿ. ಬುಡದಲ್ಲಿ ಟೊಲೆಡೋ ಊರಿನ ಮುದ್ರೆ, ಹಿಡಿಗೆ ಸುತ್ತಿದ ಸಣ್ಣ ತಂತಿ, ಬೆರಳಿಗೆ ಮರೆಯಾಗಿ ಹಿತ್ತಾಳೆಯ ಬಟ್ಟಲು, ಅದರ ಮೇಲೆ ಲಾಂಛನ, ಲಾಂಛನಕ್ಕೊಂದು ಕಿರೀಟ.

"ಮೊದ್ಲು ಕಿರೀಟ ನೋಡಮ್ಮ. ರಾಜ ಇದ್ದಾಗ ದುಂಡಗೆ. ರಾಜನ್ನ ಓಡಿಸಿದ್ಮೇಲೆ ಕೋಟೆ ಗೋಡೆ ಥರ. ಕಿರೀಟ ಸವೆದ್ಹೋದ್ರೆ ಕತ್ತಿ ಯಾರ ಕಾಲದ್ದು ಅಂತ್ಲೇ ಗೊತ್ತಾಗಲ್ಲ."

ಹಾಗಾಗಿ ಆ ಬಟ್ಟಲಿಗೆ ಪಾಲಿಶ್ ಮಾಡುವ ಮೋಟಾರಿನ ಚಕ್ರ ಮುಟ್ಟಿಸುವಂತಿರಲಿಲ್ಲ. ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಿಂದ ತಂದ ಹುಣಸೆಹಣ್ಣು ನೆನೆಸಿ, ಅವರಮ್ಮ ಬಿಂದಿಗೆ ಉಜ್ಜುತ್ತಿದ್ದಂತೆ ಹೆಬ್ಬೆರಳಲ್ಲೇ ಉಜ್ಜಬೇಕು. ಕೈ ನೋವು ಎಂದರೆ, "ನೋಯ್ಲಿ ಬಿಡು, ಕೈ ಇರೋದೇ ಅದಕ್ಕೆ" ಎಂದು ರೇಗಿಸುವರು.

ಆಮೇಲೆ ಅವರದೇ ಬೆರಳ ಗಂಟುಗಳು ಹಿಡಿದುಕೊಂಡವು. ಕಣ್ಣೂ ಮಂಜಾಯಿತು. ವಯಸ್ಸಾದ ಹೆಂಗಸೊಬ್ಬರು ತಮ್ಮ ತಂದೆಯ ಕತ್ತಿ ಕೊಟ್ಟುಹೋಗಿದ್ದರು. ತಂದೆಯದೆಂದು ಅವರಿಗೆ ಉಳಿದಿದ್ದುದು ಅದೊಂದೇ. ಬೆರಳು ಮಡಚಲಾಗದೆ ಅಂಕಲ್ ಅದನ್ನು ಚಕ್ರಕ್ಕೆ ಕೊಟ್ಟರು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಬಟ್ಟಲು ಫಳಫಳ ಹೊಳೆಯುತ್ತಿತ್ತು. ಕಿರೀಟ ಸವೆದುಹೋಗಿತ್ತು.

"ಬರೋವಾಗ್ಲೇ ಹಿಂಗಿತ್ತು ಅಂತ ಹೇಳೋಣ ಅಂಕಲ್" ಎಂದೆ.

"ಥೂ, ಸುಮ್ನಿರಮ್ಮ. ನನ್ ಕೈಯಲ್ಲಿ ಕೆಟ್ಟಿದ್ದು, ನನ್ ಬಾಯಲ್ಲೇ ಹೇಳ್ಬೇಕು."

ಹೇಳಿದರು. ಆಕೆ ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ನುಣ್ಣಗಾದ ಜಾಗವನ್ನು ಸವರಿ ನೋಡಿ, ಕತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಅಂಕಲ್ ಅವತ್ತೇ ಅಂಗಡಿಯ ಕೀ ನನ್ನ ಕೈಗಿಟ್ಟರು. ನಾನು ಎಷ್ಟು ಕರೆದರೂ ಮತ್ತೆ ಅತ್ತ ಬರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ನನಗೂ ಈಗೀಗ ಸಂಜೆಯಾದರೆ ಕಣ್ಣು ಸೋಲುತ್ತದೆ. ಆಗ ಯಾರಾದರೂ ಕತ್ತಿ ತಂದರೆ, ಇವತ್ತು ನನ್ನ ಕೈಲಾಗುವುದಿಲ್ಲ ಎಂದು ನೇರವಾಗಿ ಹೇಳಿ ವಾಪಸ್ಸು ಕಳಿಸುತ್ತೇನೆ. ಅಷ್ಟು ಹೇಳಲು ಅಂಕಲ್‌ಗೆ ನಾಚಿಕೆ ಅಡ್ಡ ಬಂದಿತ್ತು. ನನಗೆ ಬರುವುದಿಲ್ಲ, ನನ್ನ ಪಾಲಿನ ನಾಚಿಕೆಯನ್ನೂ ಅವರೇ ಅನುಭವಿಸಿ ಹೋದರು.